ಬ್ಯಾನರಿನ ಮೇಲಿನ ಕೌದಿ

ನನ್ನ ಮಗ ನಿಲೇಶನಿಗೆ ಮಿರಜದ ಹತ್ತಿರದ ವಿಶ್ರಾಮಬಾಗದಲ್ಲಿ ಬ್ಯಾನರ್ ಅಂಗಡಿ. ಒಂದು ದಿನ ಮೊಬೈಲಿನಲ್ಲಿ ಚಿತ್ರವೊಂದನ್ನು ತೋರಿಸಿದ. ಯುರೋಪಿನ ಯಾವುದೋ ದೇಶಕ್ಕೆ ಆಶ್ರಯ ಕೇಳಿ ಬಂದವರ ಉದ್ದ ಸಾಲು. ಅಲ್ಲಿನ ಪಕ್ಷವೊಂದು ಅದರ ಮೇಲೆ ‘ಜಾಗ ಇಲ್ಲ’ ಎಂದು ಬರೆದಿತ್ತು. ಇನ್ನೊಂದು ದೇಶದ ಪಕ್ಷ ಅದನ್ನೇ ಎತ್ತಿಕೊಂಡಿತು. ನಮ್ಮ ದೇಶದ ಸಂಘಟನೆಯೊಂದು ಹಿಂದಿ ಮಾಡಿತು. ಈಗ ನಮ್ಮೂರ ಮುಖಂಡ ಬಾಬಾಸಾಹೇಬನಿಗೆ ಮರಾಠಿಯಲ್ಲಿ ಬೇಕಂತೆ. ಬರ್ಮಾದ ನಿರಾಶ್ರಿತರು ಬಂದು ಮಿರಜದ ಆಸ್ಪತ್ರೆಗಳ ಹಾಸಿಗೆ ಹಿಡಿಯುತ್ತಿದ್ದಾರಂತೆ. ಅಂಥ ಒಬ್ಬರನ್ನೂ ನಾನು ಕಂಡಿರಲಿಲ್ಲ. ಆದರೂ ಸಿಟ್ಟು ನೆತ್ತಿಗೇರಿ, ಆ ಚಿತ್ರವನ್ನು ನಮ್ಮ ತವರಿನವರ ಮೊಬೈಲ್ ಗುಂಪಿಗೆ ನಾನೇ ಕಳಿಸಿದೆ.

“ಇವ್ರು ಭಾಳ ಬೆಳ್ಳಗ ಅದಾರ. ಈ ಕಡೆ ಮಂದಿಗತೆ ಕಾಣೋರ್ನ ಹಾಕು” ಎಂದನಂತೆ ಬಾಬಾಸಾಹೇಬ. ನಿಲೇಶ ಮಿರಜ ಸ್ಟೇಷನ್ನಿಗೆ ಹೋಗಿ, ರೈಲಿಳಿದು ಗಂಟುಮೂಟೆ ಹೊತ್ತು ಹೊರಟವರ ಫೋಟೋವನ್ನು ಹಿಂದಿನಿಂದ ಹೊಡೆದುಕೊಂಡ. ಊರ ತುಂಬ ‘ಜಾಗ ಇಲ್ಲ’ ಬ್ಯಾನರ್ ಎದ್ದವು. ನಾನು ಕಣ್ಣೆತ್ತಿ ಸರಿಯಾಗಿ ನೋಡಲೂ ಇಲ್ಲ.

ಮುಂದಿನ ತಿಂಗಳು ರಾಯಬಾಗದ ನನ್ನ ತಂಗಿ ಮಾಯವ್ವ ಮಿರಜಕ್ಕೆ ಬಂದು ಫೋನ್ ಮಾಡಿದಳು. ಮರುದಿನ ಅವಳ ಗಂಡನಿಗೆ ಅಲ್ಲಿ ಆಪರೇಷನ್. ಹಿಂದಿನ ತಿಂಗಳು ರೈಲಿನಲ್ಲಿ ತಪಾಸಣೆಗೆ ಬಂದಾಗ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಖೋಲಿ ಕೊಟ್ಟಿದ್ದವನು ಈ ಸಲ ಬಾಗಿಲಲ್ಲೇ ತಡೆದಿದ್ದ. ಅವನ ಗ್ರಹಚಾರ ಬಿಡಿಸುತ್ತೇನೆ ಎಂದು ನಾನು ಓಡಿದೆ.

ಕಟ್ಟೆಯ ಮೇಲೆ ನೋವಿನಿಂದ ಮುದುಡಿ ಕೂತ ಗಂಡ, ಪಕ್ಕದಲ್ಲಿ ಮಾಯವ್ವ.

“ಅಕ್ಕಾ, ಅಂವ ಆ ಬೋರ್ಡ ತೋರ್ಸಿ, ಅದರಾಗಿನಕಿ ನೀನ, ನಿನಗ ಜಾಗಾ ಇಲ್ಲ ಅಂದ.”

ತಲೆ ಎತ್ತಿದೆ. ಬ್ಯಾನರಿನಲ್ಲಿ ಹೆಂಗಸೊಬ್ಬಳ ಬೆನ್ನು, ಹೆಗಲ ಮೇಲೆ ಕೌದಿ. ಅದರ ಅಂಚಿಗೆ ನನ್ನ ಮದುವೆಯ ಸೀರೆಯ ಹಸಿರು ತುಂಡು. ಅದನ್ನು ಹೊಲಿದು ತಂಗಿಗೆ ಕೊಟ್ಟವಳು ನಾನು.

ಅಲ್ಲೇ ನಿಂತು ಮಗನಿಗೆ ಫೋನ್ ಹಚ್ಚಿದೆ. “ನಾಚಿಕಿಗೇಡಿ, ಎತ್ತಿ ಆಡಿಸಿದ ಮಾವಶಿ ಗುರ್ತ ಸಿಗಲಿಲ್ಲೇನೋ?”

ಅವನು ತಡವರಿಸಿದ. “ಇವತ್ತ ಇಳಸ್ತೇನವಾ. ಆದ್ರ ಫೋಟೋ ಕೈಬಿಟ್ಟು ಹೋಗೇತಿ. ಹೊರದೇಶದ ಪಕ್ಷದವ್ರೂ ಹಾಕ್ಕೊಂಡಾರ.”

ರಾಯಬಾಗ, ಮಿರಜ ಬಿಟ್ಟು ಬೇರೆ ಊರು ಕಾಣದ ನನ್ನ ತಂಗಿಯನ್ನು ಯಾವುದೋ ದೇಶದವರು ಬೈಯುತ್ತಿದ್ದರು. ಅವಳ ಮಡಿಲಲ್ಲಿದ್ದ ಅದೇ ಕೌದಿಗೆ ಕೈ ಹಾಕಿ, “ಏಳ, ನಮ್ಮ ಮನಿಗೆ ಹೋಗೂಣು” ಎಂದೆ.

ಮಾಯವ್ವ ಕೌದಿ ಬಿಡಲಿಲ್ಲ.

“ನಿಮ್ಮ ಮನ್ಯಾಗ ಐತೇನಕ್ಕಾ? ಜಾಗಾ ಇಲ್ಲಂತ ಮೊದಲ ನನಗ ಕಳಿಸಿದಾಕಿ ನೀನ ಅಲ್ಲಾ?”