ಅಪೂರ್ವಾ ಹೆಸರಿನ ಅಂಗಿ

"ಏಯ್ ಬಂಗಾಳಿ, ಸರಿ ಆಚೆ! ನಿನ್ನ ಕುಂಡಿ ನೋಡಲಿಕ್ಕೆ ಬಂದಿದ್ದಾರಾ ಇವರೆಲ್ಲ?"

ಕೋಚ್ ಜಾಯ್ಸ್ ಮಲಯಾಳದಲ್ಲಿ ಕೂಗಿದಳು. ಆಟಗಾರ್ತಿಯರು ಕಿಸಕ್ಕನೆ ನಕ್ಕರು. ಬಗ್ಗಿ ಐಸಿನ ಮೇಲೆ ಒದ್ದೆ ಗೋಣಿ ಎಳೆಯುತ್ತಿದ್ದ ದುರುಗವ್ವ ಬಗ್ಗಿದಂತೆಯೇ ಗೋಡೆಯ ಕಡೆ ಸರಿದಳು. ತಾನು ಕುಷ್ಟಗಿ ಕಡೆಯವಳು, ಬಂಗಾಳದವಳಲ್ಲ ಎಂದು ಬಂದ ಹೊಸತರಲ್ಲಿ ಹೇಳಿ ನೋಡಿದ್ದಳು. ಕೊಚ್ಚಿಯಲ್ಲಿ ಹೊರಗಿನಿಂದ ಕೂಲಿಗೆ ಬಂದವರೆಲ್ಲ ಬಂಗಾಳಿಗಳೇ ಎಂದು ಗೊತ್ತಾದ ಮೇಲೆ ಆ ಹೆಸರಿಗೂ ಓ ಎನ್ನುವುದನ್ನು ಕಲಿತಿದ್ದಳು.

ಎಡಪ್ಪಳ್ಳಿಯಿಂದ ಒಂದಿಷ್ಟು ಆಚೆ, ಮೊದಲು ಸೋಫಾ ಮಂಚಗಳ ಗೋದಾಮಾಗಿದ್ದ ಕಟ್ಟಡ ಅದು. ಅದರ ಧಣಿ, ಎಲ್ಲರ ಬಾಯಲ್ಲಿ ಮೊದಲಾಳಿ, ಹೃಷಿಕೇಶ್ ಅದರೊಳಗೆ ಐಸಿನ ಅಂಗಳ ಹಾಸಿ, ಹೆಣ್ಣುಮಕ್ಕಳ ಐಸ್-ಹಾಕಿ ಆಟದ ತಂಡ ಕಟ್ಟಿದಾಗ ಪೇಪರಿನವರು ಮುಗಿಬಿದ್ದು ಬಂದಿದ್ದರು. ಈಗ ತಂಡ ಹೋದಲ್ಲೆಲ್ಲ ಸೋತು ಬರುತ್ತಿತ್ತು. ಪರದೇಶದಿಂದ ಕರೆಸಿದ್ದ ಗೋಲ್‌ಕೀಪರ್ ಸಂಬಳ ಸಿಗದೆ ವಿಮಾನ ಹತ್ತಿದ್ದಳು. ಐಸನ್ನು ನುಣುಪು ಮಾಡುವ ಗಾಡಿ ಕೆಟ್ಟು ಮೂಲೆ ಸೇರಿತ್ತು. ಅದರ ಕೆಲಸ ಈಗ ದುರುಗವ್ವನದು, ಜೊತೆಯ ಕೆಲಸದವಳು ಫಾತಿಮಾಳದು. ಒಬ್ಬಳು ಬಿಸಿನೀರು ಹೊಯ್ಯಬೇಕು, ಇನ್ನೊಬ್ಬಳು ಹಿಂದಿನಿಂದ ಗೋಣಿ ಎಳೆಯಬೇಕು. ಬಿಸಿನೀರಿಗೆ ಮೇಲಿನ ಗೀರುಗಳು ಕರಗಿ, ಮತ್ತೆ ಹೆಪ್ಪುಗಟ್ಟಿದಾಗ ಐಸು ಕನ್ನಡಿಯಾಗುತ್ತದೆ. ಅಂಗೈ ಸುಡುತ್ತಿತ್ತು, ಅಂಗಾಲು ಮರಗಟ್ಟುತ್ತಿತ್ತು. ಒಂದೇ ಮೈಯಲ್ಲಿ ಎರಡು ಕಾಲ ಇಟ್ಟುಕೊಂಡು ತಿರುಗಿದಂತೆ.

ಆ ಕನ್ನಡಿಯ ತುದಿಯಲ್ಲಿ, ಬಲೆಯ ಮುಂದೆ, ಅವಳ ಮಗಳು ಗ್ರೀಷ್ಮಾ ನಿಂತಿದ್ದಳು.

ಗೋಡೆಯ ಮೇಲಿನ ಬ್ಯಾನರಿನಲ್ಲಿ "ಎಳೆಯ ಪ್ರತಿಭೆಗಳನ್ನು ಬೆಳೆಸೋಣ" ಎಂದು ಬರೆದಿತ್ತು. ತಂಡಕ್ಕೆ ಹೊಸ ಆಟಗಾರ್ತಿಯರನ್ನು ಕೊಳ್ಳುವ ತ್ರಾಣವಿಲ್ಲದಾಗ ಏಲೂರಿನ ಕೂಲಿಯವರ ಲೈನುಮನೆಗಳಿಂದ ಹುಡುಗಿಯರನ್ನು ಆರಿಸಿ ತಂದಿದ್ದರು. ಬೆಳೆಸುವುದೆಂದರೆ ದೊಡ್ಡವರ ಸ್ಕೇಟು ಒರೆಸುವುದು, ಬೆವರಿನ ಅಂಗಿ ಒಗೆಯುವುದು, ಆಮೇಲೆ ಬಲೆಯ ಮುಂದೆ ನಿಂತು ಅವರು ಹೊಡೆದ ಪಕ್ಕನ್ನು ಮೈಗೆ ತಗಲಿಸಿಕೊಳ್ಳುವುದು. ಪಕ್ಕೆಂದರೆ ಕರೀ ರಬ್ಬರಿನ ಬಿಲ್ಲೆ, ಐಸಿನ ಮೇಲೆ ಕಲ್ಲಿನ ಹಾಗೆ ಬರುತ್ತದೆ. ಬಂದ ಹುಡುಗಿಯರು ಒಬ್ಬೊಬ್ಬರೇ ಬಿಟ್ಟು ಹೋದರು. ಗ್ರೀಷ್ಮಾ ಉಳಿದಳು. ಉಳಿದವಳು ಬರಬರುತ್ತ ಒಂದು ಬಿಲ್ಲೆಯನ್ನೂ ಒಳಗೆ ಬಿಡದ ಹಾಗಾದಳು.

"ನಿನ್ನ ಮಗಳು ಗೋಡೆ ಮಾರಾಯ್ತಿ, ಗೋಡೆ!" ಎಂದಳು ಕಾಸರಗೋಡಿನ ಫಾತಿಮಾ. "ಎಂತ ತಿನ್ಲಿಕ್ಕೆ ಕೊಡ್ತಿ ಅವಳಿಗೆ, ಸಿಮೆಂಟಾ?"

"ರೇಷನ್ ಅಕ್ಕಿ ಗಂಜಿ ಬೇ. ಅದರಾಗ ಸಿಮೆಂಟ್ ಇದ್ರೂ ಇರಬೌದು," ಎಂದು ನಕ್ಕಳು ದುರುಗವ್ವ.

ನಕ್ಕರೂ ಎದೆಯೊಳಗೆ ಬೇರೆಯೇ ನಡೆದಿತ್ತು. ಹುಟ್ಟಿದಾಗಿನಿಂದ ಅವಳು ಕಲಿತದ್ದು ಒಂದೇ ವಿದ್ಯೆ, ದಾರಿ ಬಿಡುವುದು. ಊರಲ್ಲಿ ಗೌಡರ ಓಣಿಯಲ್ಲಿ ಬಿಟ್ಟಳು, ಬಾವಿಕಟ್ಟೆಯಲ್ಲಿ ಬಿಟ್ಟಳು, ಇಲ್ಲಿಗೆ ಬಂದು ಬಸ್ಸಿನಲ್ಲಿ, ಲಿಫ್ಟಿನಲ್ಲಿ ಬಿಟ್ಟಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳ ಕೆಲಸವೇ ದಾರಿ ಬಿಡದೆ ನಿಲ್ಲುವುದು. ಅದನ್ನು ನೋಡುವಾಗ ಹೆಮ್ಮೆಗಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು, ಯಾರದೋ ವಸ್ತುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಾಗೆ.

ಆ ದಿನ ಅಭ್ಯಾಸ ಮುಗಿದ ಮೇಲೆ ಜಾಯ್ಸ್ ಹುಡುಗಿಯ ಹೆಗಲು ತಟ್ಟಿ, ತಿರುವನಂತಪುರದ ಪಂದ್ಯಕ್ಕೆ ಗೋಲ್‌ಕೀಪರ್ ನೀನೇ ಎಂದಳು. ಸಂಜೆ ಲೈನಿನ ಕೋಣೆಯಲ್ಲಿ ದುರುಗವ್ವ ಮಗಳ ಪಕ್ಕೆಯ ಮೇಲಿನ ನೀಲಿ ಕಲೆಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಒಂದೊಂದು ಕಲೆ ಒಂದೊಂದು ಅಂಗೈಯಷ್ಟಿತ್ತು.

"ನೋವಾಗ್ತೈತೇನವ್ವಾ?"

ಗ್ರೀಷ್ಮಾಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಇಲ್ಲ ಅಮ್ಮಾ, ಟೀವಿಯಲ್ಲಿ ಹೆಸರು ಬರುತ್ತದಂತೆ, ಎಂದಳು. ಜ್ವರದಲ್ಲಿ ತೀರಿಕೊಂಡ ಅಪ್ಪನ ಹೆಸರನ್ನೂ ಜೊತೆಗೆ ಹಾಕುತ್ತಾರೋ ಎಂದು ಕೇಳಿದಳು.

*

ಪಂದ್ಯಕ್ಕೆ ವಾರವಿರುವಾಗ ದುರುಗವ್ವನನ್ನು ಆಫೀಸಿಗೆ ಕರೆದರು. ಒಳಗೆ ಮೊದಲಾಳಿ, ಮ್ಯಾನೇಜರ್ ದಿನಕರ, ಸೋಫಾದ ತುದಿಯಲ್ಲಿ ಅಪೂರ್ವಾ. ಅಪೂರ್ವಾಳ ಅಪ್ಪ ಯಶವಂತ್ ಬೆಂಗಳೂರಿನವರು, ಇಲ್ಲಿ ದೊಡ್ಡ ಕಂಪನಿ ಇಟ್ಟವರು. ಮುಳುಗುತ್ತಿರುವ ತಂಡವನ್ನು ದುಡ್ಡು ಹಾಕಿ ನಡೆಸಿಕೊಡುತ್ತೇನೆಂದು ಮುಂದೆ ಬಂದಿದ್ದರು. ಮಗಳೂ ಗೋಲ್‌ಕೀಪರ್ ಆಗಲು ಕಲಿಯುತ್ತಿದ್ದಳು. ಪಕ್ಕು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಬಾ ದುರುಗಮ್ಮ, ಹೆದರ್ಬೇಡ," ಎಂದ ದಿನಕರ. ಕುಂಬಳೆ ಕಡೆಯವನು, ಬ್ಯಾಂಕಿನ ಕೆಲಸ ಬಿಟ್ಟು ಇಲ್ಲಿಗೆ ಬಂದವನು. ಖಾಲಿ ಕುರ್ಚಿಯೊಂದಿತ್ತು. ಅವನು ಅದನ್ನು ತೋರಿಸಲಿಲ್ಲ, ಇವಳು ಅದನ್ನು ನೋಡಲಿಲ್ಲ.

ಮೊದಲಾಳಿ ಫೋನಿನಿಂದ ಕಣ್ಣೆತ್ತದೆ ಮಲಯಾಳದಲ್ಲಿ ಹೇಳಿದ: "ಇವಳ ಮಗಳ ಕರಿ ಮೋರೆ ಬೋರ್ಡಿನ ಮೇಲೆ ಹಾಕಿದರೆ ಬಂಗಾಳಿಗಳ ಟೀಮು ಅಂತ ಜನ ನಗುತ್ತಾರೆ. ಹೇಗಾದರೂ ಹೇಳಿ ಒಪ್ಪಿಸು. ಮತ್ತೆ ಆ ಬಾಗಿಲು ತೆಗೆದಿಡು, ವಾಸನೆ."

ದಿನಕರ ಎದ್ದು ಬಾಗಿಲು ತೆರೆದು ಬಂದು ಆ ಮಾತನ್ನು ಕನ್ನಡಕ್ಕೆ ತಂದ: "ಮೊದಲಾಳಿಗೆ ನಿನ್ನ ಮಗಳ ಮೇಲೆ ಭಾರೀ ಪ್ರೀತಿ ಉಂಟು ಮಾರಾಯ್ತಿ. ಸಣ್ಣ ಪ್ರಾಯ. ಈಗಲೇ ಹೆಸರು ಗಿಸರು ಎಲ್ಲ ಬಂದರೆ ತಲೆ ತಿರುಗ್ತದೆ, ಆಟ ಹಾಳಾಗ್ತದೆ ಅಂತ ಅವರು ಹೇಳುವುದು."

ದುರುಗವ್ವನಿಗೆ ಮಲಯಾಳ ಬಂದು ಎಷ್ಟೋ ಕಾಲವಾಗಿತ್ತು. ಬರುತ್ತದೆಂದು ಅವಳು ತೋರಿಸಿಕೊಂಡವಳಲ್ಲ, ತೋರಿಸಿಕೊಂಡರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಒಂದೇ ಮಾತು ಎರಡು ಸಲ ಬಿತ್ತು, ಮೊದಲು ಚಪ್ಪಲಿ, ಆಮೇಲೆ ಸಕ್ಕರೆ. ಸಕ್ಕರೆಯೇ ಹೆಚ್ಚು ಉರಿಯಿತು.

"ಗೋಲ್‌ಕೀಪರಿಗೆ ಮುಖ ಕಾಣುವುದಿಲ್ಲ ಅಲ್ವಾ, ಜಾಲರಿ ಉಂಟಲ್ಲ," ದಿನಕರ ಮುಂದುವರಿಸಿದ. "ಅಂಗಿಯ ಬೆನ್ನಿಗೆ ಅಪೂರ್ವಾ ಅಂತ ಇರ್ತದೆ. ಆಡುವುದು ನಿನ್ನ ಮಗಳೇ. ಮುಗಿದ ಮೇಲೆ ಫೋಟೋಕ್ಕೆ, ಟೀವಿಗೆ ಮಾತ್ರ ಅಪೂರ್ವಾ ಬಂದು ನಿಲ್ತಾಳೆ. ಇದರಲ್ಲಿ ನಿಂಗೆ ಎಂತ ನಷ್ಟ?"

"ಒಲ್ಲೆ ಅಂದ್ರ, ಸಾಯೇಬ್ರ?"

"ಒಲ್ಲೆ ಅಂದ್ರೆ ಯಶವಂತ್ ಸರ್ ಕೈ ಬಿಡ್ತಾರೆ. ಇಲ್ಲಿ ಪುನಃ ಸೋಫಾ ತುಂಬಿಸ್ತಾರೆ. ಆಮೇಲೆ ನಿನ್ನ ಮಗಳು ಎಲ್ಲಿ ಹೋಗಿ ಐಸಿನ ಮೇಲೆ ನಿಲ್ಲುವುದು? ಕುಷ್ಟಗಿಯಲ್ಲಾ?" ತನ್ನ ಮಾತಿಗೆ ತಾನೇ ನಕ್ಕು, ದನಿ ತಗ್ಗಿಸಿದ. "ಮುಂದಿನ ಸಲ ಅವಳದ್ದೇ ಹೆಸರು. ನಾನು ಹೇಳ್ತಾ ಇದ್ದೇನಲ್ಲ. ನಾವು ನಾವು ಕನ್ನಡದವರು."

ಅಪೂರ್ವಾ ಉಗುರು ಕಚ್ಚುತ್ತಿದ್ದಳು. "ಸಾರಿ ಆಂಟಿ," ಎಂದಳು ಮೆಲ್ಲಗೆ. "ನಂಗೂ ಬೇಡ ಅಂತಾನೇ ಹೇಳ್ದೆ. ಅಪ್ಪ ಕೇಳ್ತಾನೇ ಇಲ್ಲ."

ಅವಳ ಮುಖ ನೋಡಿ ದುರುಗವ್ವನಿಗೆ ಬೈಗುಳವೂ ಬರಲಿಲ್ಲ. ಬಂದದ್ದು ಒಂದೇ ಮಾತು.

"ಹೂಂ."

ಮನೆಯಲ್ಲಿ ಆ ಹೂಂ ಅನ್ನು ಮಗಳಿಗೆ ಹೇಳಲು ಅನ್ನ ಬೇಯುವವರೆಗೆ ಕಾದಳು, ಉಂಡು ಮುಗಿಸುವವರೆಗೆ ಕಾದಳು. ಹೇಳಿದಾಗ ಗ್ರೀಷ್ಮಾ ಅಳಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿ, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು:

"ಯವ್ವಾ, ನಾ ತಡದ್ರ ಆಕಿ ಹೆಸರು. ಪೆಟ್ಟು ನನ್ನವು. ಹೌದಿಲ್ಲು?"

"ಒಂದ ಸಲ ಅಷ್ಟ ನನ್ನವ್ವಾ. ಮುಂದಿನ ಸಲ..."

"ನೀ ಹೂಂ ಅಂದ್ಯಾ?"

"ಅಂದೆ."

ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದಳು. ದುರುಗವ್ವ ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಅಂಗಿ ಮೇಲೆತ್ತಿಕೋ ಎನ್ನದೆಯೇ ಎದ್ದು ಬಟ್ಟಲನ್ನು ಮತ್ತೆ ಗೂಡಿನಲ್ಲಿಟ್ಟಳು.

*

ತಿರುವನಂತಪುರದ ಹೊರವಲಯದ ಸಭಾಂಗಣದಲ್ಲಿ ಪಂದ್ಯಕ್ಕೆಂದು ಐಸು ಹಾಸಿದ್ದರು. ಬಾಗಿಲಲ್ಲಿ ಅಪೂರ್ವಾಳ ಆಳೆತ್ತರದ ಚಿತ್ರ, ಕೈಯಲ್ಲಿ ಹೆಲ್ಮೆಟ್ಟು, ಹಾರುವ ಕೂದಲು. ಅದರ ಪಕ್ಕದಲ್ಲೇ ಹಾದು ಗ್ರೀಷ್ಮಾ ಹಿಂಬಾಗಿಲಿನಿಂದ ಒಳಗೆ ಹೋದಳು. ಹೊರಗೆ ಬರುವಾಗ ಹೆಲ್ಮೆಟ್ಟು ಹಾಕಿಯೇ ಬಂದಳು. ಗ್ಯಾಲರಿ ಎದ್ದು ನಿಂತು ಕೂಗಿತು:

"ಅಪೂರ್ವಾ! ಅಪೂರ್ವಾ!"

ದುರುಗವ್ವ ಐಸಿಗೆ ಇಳಿಯುವ ದಾರಿಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಅವಳ ಪಕ್ಕದ ಕತ್ತಲಲ್ಲಿ ನಿಜವಾದ ಅಪೂರ್ವಾ ಅದೇ ಅಂಗಿ ತೊಟ್ಟು, ಮೇಲೆ ಶಾಲು ಹೊದ್ದು ಅಡಗಿದ್ದಳು. ಜನ ತನ್ನ ಹೆಸರು ಕೂಗಿದಾಗಲೆಲ್ಲ ಬೆಚ್ಚುತ್ತಿದ್ದಳು.

ಗ್ರೀಷ್ಮಾ ಆಡಿದ್ದು ಆಟವಲ್ಲ. ಎಡಕ್ಕೆ ಬಂದದ್ದನ್ನು ಕಾಲಿನಲ್ಲಿ, ಮೇಲೆ ಬಂದದ್ದನ್ನು ಕೈಯಲ್ಲಿ, ಎರಡೂ ಎಟುಕದಿದ್ದಾಗ ಎದೆಯಲ್ಲಿ ತಡೆದಳು. ಯಾರ ಮೇಲಿನ ಸಿಟ್ಟನ್ನೋ ಬಿಲ್ಲೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಆ ಸಿಟ್ಟು ಯಾರ ಮೇಲಿನದೆಂದು ದುರುಗವ್ವನಿಗೆ ಗೊತ್ತಿತ್ತು.

"ನನ್ ಕೈಲಿ ಜನ್ಮದಲ್ಲಿ ಆಗಲ್ಲ ಆಂಟಿ," ಎಂದಳು ಅಪೂರ್ವಾ. ಅವಳ ಕಣ್ಣು ಒದ್ದೆಯಾಗಿತ್ತು. "ಈಗ ಹೋಗಿ ನಾನು ಹೆಂಗೆ ನಿಂತ್ಕೊಳ್ಳಲಿ ಅಲ್ಲಿ?"

ಆಗಲೇ ಎದುರಾಳಿಯೊಬ್ಬಳು ನುಗ್ಗಿ ಬಂದಳು. ಗ್ರೀಷ್ಮಾ ಮುಂದಕ್ಕೆ ಮೈ ಚಾಚಿ ಬಿಲ್ಲೆಯನ್ನು ಮುಚ್ಚಿದಳು. ಓಡಿ ಬಂದವಳಿಗೆ ನಿಲ್ಲಲಾಗಲಿಲ್ಲ, ಅವಳ ಮೊಣಕಾಲು ಗ್ರೀಷ್ಮಾಳ ತಲೆಗೆ ಬಡಿಯಿತು. ತಲೆ ಹೋಗಿ ಬಲೆಯ ಕಬ್ಬಿಣದ ಕಂಬಕ್ಕೆ ಬಡಿಯಿತು. ಆ ಸದ್ದು ಗ್ಯಾಲರಿಯ ಸದ್ದನ್ನೆಲ್ಲ ಒಮ್ಮೆಲೇ ನುಂಗಿತು.

ದಿನಕರ ಓಡಿ ಬಂದ. ಬಂದವನು ಐಸಿನ ಕಡೆ ನೋಡಲಿಲ್ಲ, ಅಪೂರ್ವಾಳ ರಟ್ಟೆ ಹಿಡಿದ. "ಒಳಗೆ ಹೋಗು, ಒಳಗೆ ಹೋಗು! ಯಾರಿಗೂ ಕಾಣ್ಬೇಡ!" ಅವಳನ್ನು ತಳ್ಳಿ ಬಾಗಿಲು ಹಾಕಿ ಜಾಯ್ಸ್ ಕಡೆ ಕೂಗಿದ: "ಹೆಲ್ಮೆಟ್ ತೆಗೀಬೇಡಿ! ಆಂಬುಲೆನ್ಸಿಗೆ ಹಾಕಿದ ಮೇಲೆ ಸಾಕು!"

ಜಾಯ್ಸ್ ಗ್ರೀಷ್ಮಾಳ ಪಕ್ಕ ಮಂಡಿಯೂರಿದ್ದಳು. ಕೈ ಹೆಲ್ಮೆಟ್ಟಿನ ಕೊಂಡಿಯ ತನಕ ಹೋಗಿ ನಿಂತಿತು.

ದುರುಗವ್ವನಿಗೆ ಕಂಡದ್ದು ಜಾಲರಿ. ಅದರ ಸಂದಿಯಿಂದ ಹಳದಿ ನೀರು ಇಳಿಯುತ್ತಿತ್ತು. ಹುಡುಗಿ ಒಳಗೇ ವಾಂತಿ ಮಾಡಿಕೊಳ್ಳುತ್ತಿದ್ದಳು.

ಬಕೆಟ್ಟು ಕೈಯಿಂದ ಬಿತ್ತು. ಓಡಿದಳು, ಜಾರಿ ಬಿದ್ದಳು, ಚಪ್ಪಲಿ ಒಂದು ಕಡೆ ಹೋಯಿತು, ಕೈಕಾಲಿನ ಮೇಲೆ ತೆವಳಿ ಮಗಳನ್ನು ಮುಟ್ಟಿದಳು. ಹಿಂದೆಯೇ ಬಂದ ದಿನಕರ ಅವಳ ಮಣಿಕಟ್ಟು ಹಿಡಿದ.

"ತೆಗೀಬೇಡ ಮಾರಾಯ್ತಿ! ಎಲ್ಲ ಹಾಳಾಗ್ತದೆ! ಟೀವಿಯವರು ನೋಡ್ತಾ ಇದ್ದಾರೆ!"

"ಕೈ ಬಿಡೋ ಭಾಡ್ಯಾ! ಉಸರ ಸಿಕ್ಕು ಸಾಯಾಕತ್ತೈತಿ ನನ್ನ ಕೂಸು! ನಿನ್ನ ಟೀವಿ ಹೆಣಾ ಎತ್ತಲಿ!"

ಅವನ ಕೈಗೆ ಹಲ್ಲೂರಿ ಬಿಡಿಸಿಕೊಂಡಳು. ಮಗಳನ್ನು ಮಗ್ಗುಲಿಗೆ ಹೊರಳಿಸಿ, ಕೊಂಡಿ ಬಿಚ್ಚಿ, ಹೆಲ್ಮೆಟ್ಟು ಎಳೆದು ತೆಗೆದಳು. ಬಾಯಿಗೆ ಬೆರಳು ಹಾಕಿ ಬಳಿದಳು. ಹುಡುಗಿ ಉಸಿರೆಳೆದುಕೊಂಡಳು. ಮೇಲೆ ತೂಗುಹಾಕಿದ್ದ ದೊಡ್ಡ ಪರದೆಯ ಮೇಲೆ ಆ ಮುಖ ಮೂಡಿತು, ಕರೀ ಹಣೆ, ಕೆನ್ನೆಯ ಮೇಲೆ ವಾಂತಿ, ಅರ್ಧ ತೆರೆದ ಕಣ್ಣು. ಅದರ ಕೆಳಗೆ ಇನ್ನೂ ಅಪೂರ್ವಾ ಎಂದೇ ಬರೆದಿತ್ತು. ಗ್ಯಾಲರಿಯ ಒಂದು ಮೂಲೆ ಗುಜುಗುಜು ಎಂದಿತು, ಉಳಿದವರು ಧೈರ್ಯ ತುಂಬಲೆಂದು ಮತ್ತೆ ಅದೇ ಹೆಸರು ಕೂಗತೊಡಗಿದರು.

ಡಾಕ್ಟರು ಬಂದು ಕತ್ತಿಗೆ ಆಧಾರ ಕೊಟ್ಟ. ಸ್ಟ್ರೆಚರು ಇನ್ನೂ ಬರಬೇಕಿತ್ತು. "ಈ ಹೆಂಗಸು ಯಾರು?" ಎಂದು ಕೇಳಿದ.

"ಕ್ಲೀನಿಂಗಿನವಳು," ಎಂದ ದಿನಕರ, ಕೈ ನೀವಿಕೊಳ್ಳುತ್ತ.

"ಇಕೀ ನನ್ನ ಮಗಳ್ರೀ!" ಎಂದಳು ದುರುಗವ್ವ. ಆಮೇಲೆ ಅಷ್ಟು ವರ್ಷ ಬಚ್ಚಿಟ್ಟ ಮಲಯಾಳದಲ್ಲಿ ಅದನ್ನೇ ಹೇಳಿದಳು: "ಎಂಡೆ ಮೋಳಾಣು!"

ಡಾಕ್ಟರು ಹುಡುಗಿಯ ಬೆನ್ನ ಮೇಲಿನ ಹೆಸರು ನೋಡಿದ, ಇವಳ ಒದ್ದೆ ಸೀರೆ ನೋಡಿದ. ಹುಡುಗಿಯನ್ನು ಮೆಲ್ಲಗೆ ಅಂಗಾತ ಹೊರಳಿಸಿ, ಕಣ್ಣಿಗೆ ಬೆಳಕು ಬಿಟ್ಟು ಕೇಳಿದ: "ಮೋಳೇ, ಪೇರೆಂದಾ? ನಿನ್ನ ಹೆಸರೇನು?"

ಹುಡುಗಿಯ ತುಟಿ ಅಲುಗಿತು. ಸುತ್ತ ನಾಲ್ಕೂ ಕಡೆಯಿಂದ ಜನ ಕೂಗುತ್ತಲೇ ಇದ್ದರು.

"ಅಪೂರ್ವಾ," ಎಂದಳು.

ದಿನಕರ ಉಸಿರು ಬಿಟ್ಟ. ಡಾಕ್ಟರು ತಲೆಯಾಡಿಸಿ, ಈ ಹೆಂಗಸನ್ನು ಹೊರಗೆ ಕರೆದುಕೊಂಡು ಹೋಗಿ ಎಂದು ಸೆಕ್ಯುರಿಟಿಯವರಿಗೆ ಸನ್ನೆ ಮಾಡಿದ.

ಊರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳುವಾಗ ಸುತ್ತ ನೆರೆದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಗ್ರೀಷ್ಮಾ ಹುಟ್ಟಿದಾಗ ಏಲೂರಿನ ಲೈನಿನಲ್ಲಿ ಸೋದರತ್ತೆಯೂ ಇರಲಿಲ್ಲ, ತೊಟ್ಟಿಲೂ ಇರಲಿಲ್ಲ. ಹೆರಿಗೆ ಮಾಡಿಸಿದ ನರ್ಸಮ್ಮ ಇಟ್ಟ ಹೆಸರನ್ನು ಯಾರೂ ಕಿವಿಯಲ್ಲಿ ಹೇಳಿರಲಿಲ್ಲ.

ದುರುಗವ್ವ ಐಸಿನ ಮೇಲೆ ಮೊಣಕಾಲೂರಿ, ಬಗ್ಗಿ, ಮಗಳ ಕಿವಿಗೆ ಬಾಯಿಟ್ಟಳು.

"ಗ್ರೀಷ್ಮಾ."

ಬೆನ್ನ ಮೇಲೆ ಒಂದು ಕೈ ಬಿತ್ತು. ಎರಡನೆಯದು ಕುಬುಸ ಹಿಡಿದು ಎಳೆಯಿತು, ಹೊಲಿಗೆ ಹರಿದ ಸದ್ದಾಯಿತು. ಅವಳು ಮಗಳ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಗ್ರೀಷ್ಮಾ!"

ಲಾಠಿಯ ತುದಿ ಬೆನ್ನುಮೂಳೆಗೆ ಚುಚ್ಚಿತು. ಪೆಟ್ಟು ಬಿದ್ದಂತೆಲ್ಲ ದನಿ ಏರಿತು. ಹುಡುಗಿಯ ಕಣ್ಣು ಚಾವಣಿಯ ದೀಪಗಳಲ್ಲಿ ನೆಟ್ಟಿತ್ತು. ತುಟಿಗೆ ತಗಲಿದ ಕಿವಿ ತಣ್ಣಗಿತ್ತು. ದುರುಗವ್ವ ಉಸಿರು ತುಂಬಿಕೊಂಡು ಮತ್ತೆ ಕೂಗಿದಳು.