ಎದೆಯೊಳಗೆ ನಡೆದವರು

ಟೈಲರನಿಗೆ ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಎರಡೂ ಕಿವಿಗಳನ್ನು ಕಸಿದುಕೊಂಡು ಹೋಗಿತ್ತು. ಮಾತು ಮಾತ್ರ ಉಳಿದಿತ್ತು. ಎದುರಿನವರ ತುಟಿ ನೋಡಿ ಎಲ್ಲ ಅರ್ಥ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವನು ಅಕ್ಕನ ಕೈ ಎಳೆದು, "ಅಕ್ಕಾ, ಯಾರೋ ನಡೀತಿದಾರೆ. ಕೇಳಿಸ್ತಿದೆ" ಅಂದಾಗ ಅವಳು ತಟ್ಟನೆ ಅವನ ಮುಖದತ್ತ ಬಗ್ಗಿದಳು.

"ಎಲ್ಲಿ?" ತುಟಿಯನ್ನು ನಿಧಾನವಾಗಿ ಆಡಿಸಿ ಕೇಳಿದಳು.

ಅವನು ಬಲ ಪಕ್ಕೆಯ ಮೇಲೆ ಕೈಯಿಟ್ಟ. "ಇಲ್ಲಿ. ಬರಿಗಾಲಲ್ಲಿ. ತುಂಬಾ ಜನ."

ನ್ಯುಮೋನಿಯಾ ಇದ್ದದ್ದೂ ಅಲ್ಲೇ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಬುಡ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಜ್ವರದ ಬಡಬಡಿಕೆ ಇರಬೇಕು ಎಂದುಕೊಂಡು ಅಕ್ಕ ಕೆಳಗಿನ ಲ್ಯಾಬಿಗೆ ಇಳಿದಳು. ಅವಳ ಕೆಲಸವೇ ಅದು, ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತ, ಕಫ ನೋಡುವುದು. ಅಂದು ಸ್ಲೈಡಿನಲ್ಲಿದ್ದದ್ದು ತಮ್ಮನ ಕಫ. ನೇರಳೆ ಬಣ್ಣದ ಜೋಡಿ ಚುಕ್ಕೆಗಳು, ಅಂದರೆ ಬ್ಯಾಕ್ಟೀರಿಯಾ. ಸುತ್ತ ಬಿಳಿ ರಕ್ತಕಣಗಳು. ರಕ್ತನಾಳದ ಗೋಡೆಯಲ್ಲಿ ಮೈ ಹಿಸುಕಿಕೊಂಡು ಹೊರಬಂದು, ಗಾಳಿ ತುಂಬಬೇಕಾದ ಪುಟ್ಟ ಚೀಲಗಳಿಗೆ ತೆವಳಿ, ಸಿಕ್ಕಷ್ಟು ನುಂಗಿ ಅಲ್ಲೇ ಸತ್ತಿದ್ದವು.

ಮೇಲೆ ಬಂದರೆ ತಮ್ಮ ಕಾಯುತ್ತಿದ್ದ. "ಗೋಡೆ ಸಂದೀಲಿ ನುಸೀತಿದಾರೆ, ಅಕ್ಕಾ. ಒಳಗೆ ಹೋದೋರು ಯಾರೂ ವಾಪಸ್ ಬರ್ತಿಲ್ಲ."

ಬಿಳಿ ಕಣಗಳು ಹೀಗೆ ನುಸಿದು ಹೋಗಿ ಸಾಯುತ್ತವೆಂದು ಅವಳು ಅವನಿಗೆ ಯಾವತ್ತೂ ಹೇಳಿದವಳಲ್ಲ. "ಜನರ ಉಗುಳು ನೋಡಿ ಸಂಬಳ ತಗೋತಾಳೆ" ಅಂತ ಮನೆಯಲ್ಲಿ ರೇಗಿಸುತ್ತಿದ್ದವನು ಅವನು.

ಮರುದಿನ ಬೆಳಿಗ್ಗೆ ಅವನ ಉಗುರು ನೀಲಿಗಟ್ಟಿತ್ತು. "ನಿಂತುಬಿಟ್ರು. ಒಳಗೆ ಬರೀ ಮೌನ" ಅಂದ.

ಅಕ್ಕ ರಕ್ತ ತೆಗೆದು ಗಾಜಿನ ಮೇಲೆ ಹರಡಿದಳು. ಎತ್ತ ಸರಿಸಿದರೂ ಕೆಂಪು ಕಣಗಳೇ. ಬಿಳಿಯವು ಹುಡುಕಿದರೂ ಸಿಗಲಿಲ್ಲ. ಡಾಕ್ಟರಮ್ಮ ತಾನೂ ಬಗ್ಗಿ ನೋಡಿ, "ಸೋಂಕು ಜಾಸ್ತಿಯಾಗಿ ಇದ್ದವೆಲ್ಲ ಖರ್ಚಾಗಿವೆ. ಔಷಧಿ ಬದಲಾಯಿಸ್ತೀನಿ. ಆದ್ರೆ ಮೂಳೆಯೊಳಗಿಂದ ಹೊಸವು ಬರಲೇಬೇಕು" ಎಂದರು.

"ಬರದಿದ್ರೆ?"

ಡಾಕ್ಟರಮ್ಮ ಅವಳ ಬೆನ್ನು ಸವರಿ ವಾರ್ಡಿಗೆ ಹೋದರು.

ಇಳಿಹೊತ್ತಿನಲ್ಲಿ ತಮ್ಮ ಕಣ್ಣು ಬಿಟ್ಟ. ಕಣ್ಣಲ್ಲಿ ನೀರಿತ್ತು. "ಬರ್ತಿದಾರೆ. ಆದ್ರೆ ಹೆಜ್ಜೆ ಸರಿಯಿಲ್ಲ, ತೊದಲು ಹೆಜ್ಜೆ. ಅಕ್ಕಾ, ಮಕ್ಕಳು ಇವರು. ಮಕ್ಕಳನ್ನ ಯಾಕೆ ಕಳಿಸ್ತಿದಾರೆ?"

ಅವಳು ಮತ್ತೆ ರಕ್ತ ತೆಗೆದು ಲ್ಯಾಬಿಗೆ ಓಡಿದಳು. ಬಿಳಿ ಕಣಗಳು ಬಂದಿದ್ದವು. ಬಲಿತ ಕಣದ ನಡುಭಾಗ ತುಂಡುತುಂಡಾಗಿರುತ್ತದೆ. ಇವುಗಳದ್ದು ಇನ್ನೂ ಒಂದೇ ಬಾಗಿದ ಪಟ್ಟಿ. ದೊಡ್ಡವು ಮುಗಿದಾಗ ದೇಹ ಅವಸರದಲ್ಲಿ ಹೊರಗಟ್ಟುವ ಎಳೆಯ ಕಣಗಳು. ಇಷ್ಟು ವರ್ಷ 'ಎಳಸು' ಎಂದೇ ಕರೆಯುತ್ತಿದ್ದಳು, ಅದು ಮಕ್ಕಳಿಗೂ ಹೇಳುವ ಮಾತೆಂದು ಹೊಳೆದೇ ಇರಲಿಲ್ಲ. ಸ್ಲೈಡನ್ನು ಅಲ್ಲೇ ಬಿಟ್ಟು ಎದ್ದಳು.

ವಾರ್ಡಿಗೆ ಬಂದಾಗ ತಮ್ಮ ಎದೆಯ ಮೇಲೆ ಅಂಗೈ ಚಾಚಿ ಮಲಗಿದ್ದ. "ನಾನು ಹೇಳಿದ್ರೆ ಕೇಳ್ತಾರೆ ಅನ್ಸುತ್ತೆ. ಮನೆಗೆ ಹೋಗಿ ಅಂತ ಹೇಳಲಾ?"

ನಂಬಬೇಕೋ ಬೇಡವೋ ಎಂದು ಯೋಚಿಸಲು ಅವಳು ನಿಲ್ಲಲಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಬೇಡ. ಬರಲಿ."

"ಸತ್ತುಹೋಗ್ತಾರೆ, ಅಕ್ಕಾ."

"ಗೊತ್ತು ಕಣೋ. ಬರಲಿ ಬಿಡು."

ಅವನು ಗೋಡೆಯ ಕಡೆ ಹೊರಳಿ ಬಿಕ್ಕಿದ. ಒಳಗಿನವರಿಗೆ 'ಹೋಗಿ' ಅಂತ ಮಾತ್ರ ಹೇಳಲಿಲ್ಲ.

ಜ್ವರ ಇಳಿಯತೊಡಗಿತು. ಹಳದಿ ಕಫ ಗಟ್ಟಿಗಟ್ಟಿಯಾಗಿ ಹೊರಬಂತು. ಅದರಲ್ಲಿ ಏನಿದೆಯೆಂದು ಅಕ್ಕನಿಗೆ ಗೊತ್ತಿತ್ತು. ಅವನಿಗೂ ಗೊತ್ತಿದ್ದಂತಿತ್ತು, ನರ್ಸ್ ಬಟ್ಟಲನ್ನು ಎತ್ತಿಕೊಂಡು ಹೋಗುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಅವನು ಅಂಗಡಿ ಮತ್ತೆ ತೆರೆದ ಮೇಲೆ ಒಂದು ಮಧ್ಯಾಹ್ನ ಅವಳು ಊಟ ಕೊಡಲು ಹೋದಳು. "ಈಗಲೂ ಕೇಳಿಸುತ್ತಾ?" ಎಂದು ಕೇಳಿದಳು.

"ಇಲ್ಲ. ಮೊದಲಿನ ಹಾಗೇ." ಅರ್ಧ ಹೊಲಿದ ತೋಳೊಂದನ್ನು ಮಡಿಲಲ್ಲಿಟ್ಟುಕೊಂಡು ಅವನು ಅಕ್ಕನ ತುಟಿಯನ್ನಲ್ಲ, ಕಣ್ಣನ್ನು ನೋಡಿದ. "ಅವತ್ತು ನೀನು 'ಬರಲಿ' ಅಂದೆಯಲ್ಲ, ಅದು ಅವರಿಗೂ ಕೇಳಿಸ್ತು. ಒಂದು ಗಳಿಗೆ ಎಲ್ಲರೂ ನಿಂತು ಕೇಳಿಸ್ಕೊಂಡ್ರು. ಆಮೇಲೆ ಆ ಗೋಡೆ ಸಂದಿಯ ಕಡೆಗೇ ಹೊರಟ್ರು."

ಅವಳು ಬಟ್ಟೆ ಸರಿಸಿ ಅವನ ಪಕ್ಕದಲ್ಲೇ ಕೂತಳು. ಅವನು ಊಟದ ಡಬ್ಬಿ ಬಿಚ್ಚಿ, ಮೊದಲು ಅವಳಿಗೇ ಬಡಿಸಿದ.