ಅಕ್ಕನಿಗೆ ಮಾತ್ರ ಹೇಳಿದ ಮಾತು

ಅವನು ಅಣೆಕಟ್ಟಿನ ಗೇಟ್ ಆಪರೇಟರ್. ನೀರು ಯಾವ ಮಟ್ಟ ಮುಟ್ಟಿದರೆ ಗೇಟು ಎತ್ತಬೇಕೆಂಬ ನಿಯಮ ನಲವತ್ತು ವರ್ಷ ಹಳೆಯದು. ಆ ದಿನ ತಿಂಗಳ ಮಳೆಯೆಲ್ಲ ಬೆಳಗಿನ ನಾಲ್ಕು ಗಂಟೆಗಳಲ್ಲೇ ಸುರಿಯಿತು.

ಹತ್ತು ಗಂಟೆಗೆ ಎಂಜಿನಿಯರಿಗೆ ಫೋನ್ ಮಾಡಿದ. "ಸರ್, ಈಗಿಂದ್ಲೇ ಸ್ವಲ್ಪ ಸ್ವಲ್ಪ ಬಿಡೋಣ. ತಡ ಮಾಡಿದ್ರೆ ಎಲ್ಲಾ ಒಂದೇ ಸಲ ಬಿಡ್ಬೇಕಾಗತ್ತೆ."

"ಮಟ್ಟಕ್ಕೆ ಇನ್ನೆಷ್ಟಿದೆ?"

"ಎರಡಡಿ. ಆದ್ರೆ ನಿಯಮ ಮಾಡಿದಾಗಿನ ಮಳೆ ಬೇರೆ, ಈಗಿನ ಮಳೆ ಬೇರೆ ಸರ್."

"ನೀನೇನು ಹವಾಮಾನ ಪಂಡಿತನಾ? ಎರಡಡಿ ತುಂಬ್ಲಿ. ಅಲ್ಲೀವರೆಗೆ ಯಾರ ಹತ್ರನೂ ಬಾಯಿ ಬಿಡ್ಬೇಡ. ಸುಮ್ನೆ ಜನ ಗಾಬರಿ ಬೀಳ್ತಾರೆ."

ಅವನ ಅಕ್ಕನ ಮನೆ ಕೆಳಗೆ, ಹೊಳೆದಂಡೆಯ ಬೀದಿಯಲ್ಲಿತ್ತು. ಮನಸ್ಸು ತಡೆಯದೆ ಅವಳಿಗೆ ಫೋನ್ ಮಾಡಿದ.

"ಮಕ್ಕಳನ್ನ ಕರ್ಕೊಂಡು ಈಗ್ಲೇ ದಿಬ್ಬದ ಮೇಲಿನ ಶಾಲೆಗೆ ಹೋಗಕ್ಕ."

"ಒಲೆ ಮೇಲೆ ಹಾಲಿದೆ ಕಣೋ."

"ಆರಿಸಿ ಹೋಗು. ಯಾರಿಗೂ ಹೇಳ್ಬೇಡ, ನನ್ನ ಕೆಲಸ ಹೋಗತ್ತೆ."

ಅಕ್ಕ ಹೊರಟಾಗ ಪಕ್ಕದ ಮನೆಯ ದರ್ಜಿ ಹೆಂಗಸು ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಈ ಮಳೇಲಿ ಎಲ್ಲಿಗೆ?" ಎಂದಳು.

"ಮಗಳಿಗೆ ಜ್ವರ. ಡಾಕ್ಟರ ಹತ್ರ."

"ಅಯ್ಯೋ, ನನ್ನ ಕೊಡೆ ತಗೊಂಡ್ಹೋಗು. ನಿಂದು ಮುರಿದಿದೆಯಲ್ಲ."

ಎರಡು ಗಂಟೆಗೆ ನೀರು ಮಟ್ಟ ಮುಟ್ಟಿತು. ಗೇಟು ಎತ್ತು ಎಂದು ಎಂಜಿನಿಯರ್ ಫೋನಿನಲ್ಲಿ ಕಿರುಚಿದ. ಎಂಟೂ ಗೇಟು ಒಟ್ಟಿಗೆ ಎತ್ತಬೇಕಾಯಿತು. ಹೊಳೆದಂಡೆಯ ಬೀದಿಯಲ್ಲಿ ಒಂಬತ್ತು ಜನ ಕೊಚ್ಚಿಹೋದರು. ದರ್ಜಿ ಹೆಂಗಸೂ ಹೋದಳು.

ತನಿಖೆಯಲ್ಲಿ ಆಪರೇಟರ್ ಹತ್ತು ಗಂಟೆಯ ಫೋನಿನ ವಿಷಯ ಬರೆದುಕೊಟ್ಟ. ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. 'ನೂರು ವರ್ಷಕ್ಕೊಮ್ಮೆ ಬರುವ ಮಳೆ. ನಿಯಮ ಪಾಲನೆಯಾಗಿದೆ' ಎಂದಿತ್ತು. ಐದು ವರ್ಷದಲ್ಲಿ ಅದು ಅಂಥ ಮೂರನೆಯ ಮಳೆ. ಎಂಜಿನಿಯರಿಗೆ ಬಡ್ತಿ ಸಿಕ್ಕಿತು.

ಅವನು ಅಕ್ಕನ ಮನೆಗೆ ಹೋದಾಗ ಅವಳು ಗೋಡೆಯ ಕೆಸರು ಕೆರೆಯುತ್ತಿದ್ದಳು.

"ಪಕ್ಕದ ಮನೆಯವಳ ಗಂಡ ಬಂದಿದ್ದ," ಎಂದಳು, ತಿರುಗಿ ನೋಡದೆ. "'ನಿಮಗೆ ಮೊದ್ಲೇ ಹೇಗೆ ಗೊತ್ತಾಯ್ತು?' ಅಂದ. ಏನು ಹೇಳ್ಲಿ ನಾನು?"

"ನಿನ್ನ ಮಕ್ಕಳು ಉಳಿದ್ರಲ್ಲ ಅಕ್ಕ."

"ಹೂಂ, ಉಳಿದ್ರು. ಹೇಳೋದಿದ್ರೆ ಬೀದಿಗೇ ಕೂಗಿ ಹೇಳ್ಬೇಕಿತ್ತು ಕಣೋ. ನೀನು ಕೆಲಸ ಉಳಿಸ್ಕೊಂಡೆ, ನಾನು ನಿನ್ನ ಮಾತು ಉಳಿಸ್ದೆ. ಈಗ ಈ ಬೀದೀಲಿ ಯಾರ ಮುಖ ನೋಡ್ಲಿ?"

ಅವನು ಕೆಸರು ಬಾಚಲು ಕೈ ಹಾಕಿದ. ಅವಳು ಕೆಸರು ತುಂಬುವ ಬಾಂಡಲಿಯನ್ನು ತನ್ನತ್ತ ಎಳೆದುಕೊಂಡಳು.

ಆ ತಿಂಗಳೇ ಅಕ್ಕ ಮನೆ ಖಾಲಿ ಮಾಡಿದಳು. ಹೊಸ ವಿಳಾಸವನ್ನು ತಮ್ಮನಿಗೆ ತಿಳಿಸಲಿಲ್ಲ.